ಆರು ನಿಮಿಷದ ಲೆಕ್ಕ

ನಮ್ಮ ಕಸುಬಿನಲ್ಲಿ ಗಂಟೆಯನ್ನು ಹತ್ತಾಗಿ ಸೀಳುತ್ತೇವೆ.
ಒಂದು ಚೂರಿಗೆ ಆರು ನಿಮಿಷ.
ಫೋನೆತ್ತಿದರೆ ಒಂದು ಚೂರು, ಪತ್ರ ಓದಿದರೆ ಎರಡು,
ಕಿಟಕಿಯಾಚೆ ಸುಮ್ಮನೆ ನೋಡಿದ್ದನ್ನು ಮಾತ್ರ
ಯಾರ ಹೆಸರಿಗೂ ಬರೆಯುವಂತಿಲ್ಲ.

ನಾನು ಶಾಲೆಯ ಪರ ವಕೀಲ. ಮೊದಲೇ ಹೇಳಿಬಿಡುತ್ತೇನೆ.
ಮೇಯ್ನ್ ರಾಜ್ಯದ ಲೂಯಿಸ್ಟನ್ನಿನಲ್ಲಿ, ಫೆಬ್ರವರಿಯ ಮಂಗಳವಾರ,
ಮಕ್ಕಳ ಕುರ್ಚಿಗಳಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು
ಹನ್ನೊಂದು ಜನ ದೊಡ್ಡವರು ಕೂತಿದ್ದೆವು.
ಹುಡುಗ ಮಾತ್ರ ಇರಲಿಲ್ಲ.
ಅವನ ಬದಲಿಗೆ ನಲವತ್ತಮೂರು ಪುಟಗಳಿದ್ದವು.

ಬೀಹಿ ವರ್ಸಮೆ. ವಯಸ್ಸು ಎಂಟು.
ಮಾತಿಲ್ಲ. ಗುನುಗುತ್ತಾನೆ.
ರೇಡಿಯೇಟರು ಕಾದು ಮೊರೆಯುವಾಗ
ಅದರ ಶ್ರುತಿಗೆ ತನ್ನ ಶ್ರುತಿ ಕೂಡಿಸುತ್ತಾನೆಂದು
ಪುಟ ಹತ್ತೊಂಬತ್ತರ ಅಡಿಟಿಪ್ಪಣಿಯಲ್ಲಿ
ಯಾರೋ ಬರೆದಿದ್ದರು. ಯಾಕೆ ಬರೆದರೋ.

ವಾರಕ್ಕೆ ಮೂವತ್ತು ನಿಮಿಷ ಮಾತಿನ ಪಾಠ, ಎಂದೆ ನಾನು.
ತೊಂಬತ್ತು, ಎಂದಳು ಎದುರು ಕೂತ ಓಡೆಟ್ ಪೆಲ್ಟಿಯೇ,
ಮನೆಯವರ ಪರ.
ಅಳೆದೂ ಸುರಿದೂ, ಸುರಿದೂ ಅಳೆದೂ
ಚಿನಿವಾರರ ತಕ್ಕಡಿಯಲ್ಲಿ ಒಂದು ಪುಟ್ಟ ನಾಲಿಗೆಯಿಟ್ಟು
ಗುಲಗಂಜಿ ಹೆಚ್ಚಾಯಿತು, ಗುಲಗಂಜಿ ಕಮ್ಮಿಯಾಯಿತು ಅನ್ನುತ್ತ
ಹೊತ್ತು ಮಧ್ಯಾಹ್ನಕ್ಕೆ ಬಂತು.

(ನಮಗಿರುವ ಮಾತಿನ ಟೀಚರು ಒಬ್ಬಳೇ, ಮೂರು ಶಾಲೆಗೆ.
ಸ್ಟಿಯರಿಂಗಿನ ಮೇಲೆ ಸೂಪಿನ ಡಬ್ಬಿಯಿಟ್ಟು ಉಣ್ಣುತ್ತಾಳೆ.
ಇದು ಯಾವ ಪುಟದಲ್ಲೂ ಇಲ್ಲ.
ನಾನೂ ಹೇಳಲಿಲ್ಲ. ಹೇಳಿದರೆ ಸೋಲು.)

ಕಾನೂನಿನಲ್ಲಿ ಒಂದು ಪದವಿದೆ: ಸೂಕ್ತ.
ಅತ್ಯುತ್ತಮ ಬೇಕಿಲ್ಲ, ಸೂಕ್ತವಾದರೆ ಸಾಕು.
ಇಪ್ಪತ್ತೆರಡು ವರ್ಷ ನನ್ನ ಹೊಟ್ಟೆ ಹೊರೆದ ವಾಕ್ಯ.
ಅಂದೂ ಕಡ್ಡಿ ಮುರಿದ ಹಾಗೆ ಹೇಳಿದೆ.

ದುಭಾಷಿ ಹುಡುಗ ಗುಲೇದ್ ಅಲ್ಲಿಗೆ ನಿಂತ.
ಹುಡುಗನ ತಾಯಿ ಹಿಬಾಕ್‌ಳ ಕಡೆ ಬಾಗಿ ಏನೋ ಹೇಳಿದ,
ತಿದ್ದಿದ, ಮತ್ತೆ ಹೇಳಿದ. ಆಕೆ ಏನೋ ಕೇಳಿದಳು.
"ಕ್ಷಮಿಸಿ. ಆ ಪದ ನನ್ನ ಬಾಯಿಗೆ ಬರಲಿಲ್ಲ.
ಅಳತೆಗೆ ಸರಿಹೋಗುವಂಥದ್ದು ಎಂದು ಹೇಳಿದೆ,
ಚಪ್ಪಲಿಗೆ ಹೇಳುವ ಹಾಗೆ.
ಆಕೆ ಕೇಳುತ್ತಿದ್ದಾಳೆ,
ಅಳತೆ ತೆಗೆದದ್ದು ಯಾರ ಕಾಲಿನದು?"

ಟಿಪ್ಪಣಿ ಬರೆಯುತ್ತಿದ್ದವಳು ಪೆನ್ನು ಎತ್ತಿ ಹಿಡಿದಳು.
ಓಡೆಟ್ ಕೂಡ ತಲೆ ತಗ್ಗಿಸಿದಳು;
ತೊಂಬತ್ತು ಯಾವ ಕಾಲಿನದೋ ಅವಳಿಗೂ ಗೊತ್ತಿರಲಿಲ್ಲ.

ಕೊನೆಗೆ ನಲವತ್ತೈದು. ಜೂನಿನಲ್ಲಿ ಮತ್ತೆ ಕೂರುವುದು.
ಹಿಬಾಕ್ ಕಿತ್ತಳೆ ಕೈಗವಸು ಕಳಚಿ ಸಹಿ ಮಾಡಿದಳು,
ಒಂದೊಂದು ಅಕ್ಷರವನ್ನೂ
ಬಿದ್ದೀತೆಂಬಂತೆ ಕೈಹಿಡಿದು ನಿಲ್ಲಿಸುತ್ತ.

ಹೊರಗೆ ನನ್ನ ಕಾರು ಹೆಣದಂತೆ ತಣ್ಣಗಿತ್ತು.
ಕೇಬಲ್ಲು ತಂದವಳು ಓಡೆಟ್,
ಮುಂದಿನ ತಿಂಗಳು ಇನ್ನೊಂದು ಮೊಕದ್ದಮೆಯಲ್ಲಿ
ನನ್ನನ್ನು ಹರಿದು ಹಾಕಲಿರುವವಳು.
ಕೆಂಪಿಗೆ ಕೆಂಪು, ಕಪ್ಪು ಕಬ್ಬಿಣಕ್ಕೆ.
ಹಿಮದಲ್ಲಿ ಇಬ್ಬರೂ ಬಾನೆಟ್ಟಿನೊಳಗೆ ತಲೆ ತೂರಿಸಿ ನಿಂತೆವು.

ತಾಯಿಯ ಕೈ ಹಿಡಿದು ದಾಟುತ್ತಿದ್ದ ಹುಡುಗ ನಿಂತುಬಿಟ್ಟ.
ಬಣ್ಣ ಹತ್ತಿದ ಬೆರಳು, ಬಿಚ್ಚಿದ ಬೂಟಿನ ದಾರ.
ನಾನು ಅವನನ್ನು ನೋಡಿದ್ದು ಅದೇ ಮೊದಲು.
ಓಡೆಟ್‌ಳ ಎಂಜಿನ್ನಿನ ಸದ್ದಿಗೆ ಕಿವಿಯೊಡ್ಡಿದ,
ಒಂದು ಸ್ವರ ಹುಡುಕಿದ, ಬಿಟ್ಟ,
ಅದರ ಕೆಳಗಿನದನ್ನು ಹಿಡಿದ. ಹಿಡಿದೇ ಇದ್ದ.
ಹಿಬಾಕ್ ಎಳೆಯಲಿಲ್ಲ, ಕಾದಳು.
"ಹಾಡುತ್ತಿದ್ದಾನೆ," ಎಂದಳು ಓಡೆಟ್.
"ಪುಟ ಹತ್ತೊಂಬತ್ತು," ಎಂದೆ.

ರಾತ್ರಿ ದಿನದ ಲೆಕ್ಕ ತುಂಬುವಾಗ
ಆ ಮೂರು ಚೂರನ್ನು ಯಾರ ಹೆಸರಿಗೆ ಬರೆಯಲಿ ತಿಳಿಯದೆ
ಸಾಲು ಖಾಲಿ ಬಿಟ್ಟೆ.

ಬೆಳಿಗ್ಗೆ ಕಚೇರಿಯ ಲೆಕ್ಕದವಳ ಫೋನು:
ಮಂಗಳವಾರದಿಂದ ಹದಿನೆಂಟು ನಿಮಿಷ ಕಾಣೆಯಾಗಿದೆ.
ಹುಡುಕುತ್ತೇನೆ, ಎಂದೆ.
ಅದಕ್ಕೂ ಒಂದು ಚೂರು.